ತಿರುಗೋ ಫ್ಯಾನ್ ತಗೋಬೇಕಾದ್ರ ಮೊದಲು ಕುತ್ತಿಗಿ ನೋಡ್ರಿ

ಮನಿ ಒಳಗ ಟೆಂಟ್ ಇಟ್ಟು ಸಸಿ ಬೆಳಸೋದು ಈಗ ನಮ್ಮ ಕಲಬುರಗಿಯಾಗೂ ಶುರು ಆಗ್ಯದ. ಟೆಂಟ್ ಅಂದ್ರ ಮದುವಿ ಶಾಮಿಯಾನ ಅಲ್ರೀ ಮತ್ತ. ಕಬ್ಬಿಣ ಪೈಪಿನ ಚೌಕಟ್ಟು, ಹೊರಗ ಕರೀ ಬಟ್ಟಿ, ಒಳಗ ಬೆಳ್ಳಿಯಂಗ ಹೊಳಿಯೋ ಹಾಳಿ, ಮ್ಯಾಲ ಎಲ್‌ಇಡಿ ಲೈಟ್, ಮುಂದ ಜಿಪ್. ಒಂದು ಕಪಾಟಿನಷ್ಟು ಜಾಗಾ ಸಾಕು. ಶರಣಬಸವೇಶ್ವರ ಜಾತ್ರಿ ಮುಗಿದ ಮ್ಯಾಲ ನಮ್ಮೂರ ಬಿಸಲು ನಿಮಗ ಗೊತ್ತೇ ಅದ. ಏಪ್ರಿಲ್, ಮೇದಾಗ 42, 43 ಡಿಗ್ರಿ. ಮಾಳಗಿ ಮ್ಯಾಲಿನ ಕೊತಂಬ್ರಿ ಮುಂಜಾನಿ ಹಸರು ಇದ್ರ ಸಂಜಿಗಿ ಹುಲ್ಲು. ಅದಕ್ಕ ಖೋಲಿ ಒಳಗ ಬೆಳಸೋದು ಶಾಣ್ಯಾತನದ ಕೆಲಸನೇ. ನನ್ನ ತಕರಾರು ಟೆಂಟಿನ ಮ್ಯಾಲ ಇಲ್ಲ, ಅದರೊಳಗ ಇಡೋ ಫ್ಯಾನಿನ ಮ್ಯಾಲ ಅದ.

ಟೆಂಟಿಗಿ ಸಾವಿರಗಟ್ಲೆ ರೊಕ್ಕ ಹಾಕ್ತೀವಿ, ಲೈಟಿಗಿ ಹಾಕ್ತೀವಿ. ಫ್ಯಾನ್ ಅಂದ ಕೂಡಲೇ ಮನ್ಯಾಗಿನ ಗಂಡಸರು "ಅಟ್ಟದ ಮ್ಯಾಲ ಹಳೇದು ಬಿದ್ದದಲ್ಲ, ಅದನ್ನೇ ಹಾಕು, ಗಿಡಕ್ಕೇನು ಸೆಕಿ ಆಗ್ತದೇನು" ಅಂತ ನಗ್ತಾರ. ಗಿಡಕ್ಕ ಸೆಕಿ ಅಂತ ಅಲ್ರೀ ಫ್ಯಾನ್ ಇಡೋದು. ಫ್ಯಾನ್ ಗಾಳಿ ತಂಪು ಮಾಡಂಗಿಲ್ಲ, ಇದ್ದ ಗಾಳಿನ ಅಲ್ಲಾಡಸ್ತದ ಅಷ್ಟೇ. ಮುಚ್ಚಿದ ಜಾಗಾದಾಗ ನೀರು ಹಾಕಿದ ಮಣ್ಣು ಇರ್ತದ, ಎಲಿ ಸುತ್ತ ಹಸಿ ಗಾಳಿ ನಿಂತು ಬಿಡ್ತದ. ಹಸಿ ನಿಂತಲ್ಲಿ ಬೂಷ್ಟು ಬಂತು. ಎಳೀ ಸಸಿ ಮಣ್ಣಿನ ಮಟ್ಟದಾಗ ಕೊಳತು ಮಕ್ಕೊಂಡು ಬಿಡ್ತಾವ. ಇನ್ನೊಂದು ಮಾತು, ಗಾಳಿಗಿ ಅಲ್ಲಾಡಿದ ಸಸಿದೇ ದಂಟು ಗಟ್ಟಿ ಆಗ್ತದ. ಅಲ್ಲಾಡದೇ ಬೆಳದದ್ದು ಉದ್ದ ಆಗ್ತದ, ಹೊರಗ ತಂದು ನೆಟ್ಟ ಕೂಡಲೇ ಬಾಗ್ತದ. ಗಾಳಿ ಒಂದೇ ಕಡಿ ಹೊಡದ್ರ ಆ ಕಡಿದು ಒಣಗ್ತದ, ಅದಕ್ಕೇ ತಿರುಗೋ ಫ್ಯಾನೇ ಬೇಕು.

ಕಮಲಾಪುರ ಅಂದ್ರ ಎಲ್ಲಾರಿಗೂ ಕೆಂಪು ಬಾಳಿಹಣ್ಣು ನೆನಪಾಗ್ತದ, ಜಿಐ ಗುರುತು ಸಿಕ್ಕ ಹಣ್ಣು ಅದು. ಆದ್ರ ಅಲ್ಲಿ ಕೊಟ್ಟ ನಮ್ಮ ತಂಗಿ ಬೆಳಸೋದು ಮೆಣಸಿನ ಸಸಿ, ಬದನಿ ಸಸಿ. ಹಿಂದಿನ ಖೋಲಿಯಾಗ ಟೆಂಟ್ ಹಾಕಿ, ಟ್ರೇನಾಗ ತೆಂಗಿನ ನಾರಿನ ಪುಡಿ ತುಂಬಿ ಬೀಜ ಹಾಕ್ತಾಳ. ಓಣಿಯವ್ರು ಬಂದು ಸಸಿ ಒಯ್ತಾರ, ಅದು ಆಕಿ ಕೈಖರ್ಚಿನ ರೊಕ್ಕ. ಹ್ವಾದ ವರ್ಷ ಸಂಬಂಧಿಕರ ಮದುವಿಗಂತ ಎರಡು ದಿನ ಊರಿಗಿ ಹೋಗಿದ್ಲು. ಬಂದು ಜಿಪ್ ತೆಗದ್ರ ಫ್ಯಾನ್ ಝುಮ್ ಅಂತ ಓಡ್ಲಕತ್ತದ, ರೆಕ್ಕಿ ತಿರುಗ್ಲಕತ್ತಾವ, ಕುತ್ತಿಗಿ ಮಾತ್ರ ನಿಂತದ. ಗಾಳಿ ಬಡದ ಟ್ರೇ ಒಣಗಿ ಹಪ್ಪಳ ಆಗಿದ್ವು, ಆ ಕಡಿ ಮೂಲ್ಯಾಗಿನವು ಕೊಳತಿದ್ವು. ಫ್ಯಾನ್ ತಂದು ಇನ್ನೂ ಒಂದು ಬ್ಯಾಸಗಿ ದಾಟಿರಲಿಲ್ಲ. ಇಲ್ಲಿ ಸೂಪರ್ ಮಾರ್ಕೆಟ್ ಕಡಿ ಒಬ್ಬ ರಿಪೇರಿಯವ್ರ ಹಂತ್ಯಾಕ ಒಯ್ದ್ವಿ. ಬಿಚ್ಚಿ ನೋಡಿ, "ಮೋಟರ್ ಛಲೋ ಅದ ಅಕ್ಕಾ, ಗೇರ್ ಹಲ್ಲು ಸವದಾವ, ಈ ಮಾಡೆಲಿಂದು ಗೇರ್ ಸಿಗಂಗಿಲ್ಲ" ಅಂದ. ಛಲೋ ಮೋಟರ್ ಗುಜರಿಗಿ ಹೋಯ್ತು.

ಅವತ್ತಿನಿಂದ ನನ್ನ ಅಭಿಪ್ರಾಯ ಗಟ್ಟಿ ಆಗ್ಯದ. ತಿರುಗೋ ಫ್ಯಾನಿನಾಗ ಮೋಟರಿಗಿಂತ ಮೊದಲು ಕುತ್ತಿಗಿ ಸಾಯ್ತದ. ಮೋಟರಿನ ಹಿಂದ ಒಂದು ಸಣ್ಣ ಡಬ್ಬಿ ಇರ್ತದ. ಮೋಟರಿನ ದಂಡಿನ ತುದಿಗಿ ಸುರುಳಿ ಗೆರಿ, ಅದಕ್ಕ ಹಚ್ಚಿ ಒಂದು ಹಲ್ಲಿನ ಚಕ್ರ, ಚಕ್ರಕ್ಕ ಒಂದು ಪಟ್ಟಿ. ಆ ಪಟ್ಟಿನೇ ತಲಿ ಈ ಕಡಿ ಆ ಕಡಿ ಎಳಿಯೋದು. ಸೋವಿ ಫ್ಯಾನಿನಾಗ ಚಕ್ರದ ಹಲ್ಲು ತೆಳು ಪ್ಲಾಸ್ಟಿಕಿಂದು. ಲೆಕ್ಕಾ ಹಾಕ್ರಿ, ನಿಮಿಷಕ್ಕ ಐದು ಸಲ ತಲಿ ತಿರುಗ್ತದಂತ ಹಿಡದ್ರೂ ದಿನಕ್ಕ 7,200 ಸಲ. ಮಕ್ಕೊಳ್ಳೋ ಖೋಲಿಯಾಗಿನ ಫ್ಯಾನ್ ರಾತ್ರಿ ಎಂಟು ತಾಸು, ಅದೂ ಬ್ಯಾಸಗ್ಯಾಗ ಅಷ್ಟೇ ಓಡ್ತದ. ಟೆಂಟಿಂದು ಹಗಲೂ ರಾತ್ರಿ. ಹಲ್ಲಷ್ಟೇ ಅಲ್ಲ, ಕುತ್ತಿಗಿಯಾಗಿನ ವೈರೂ ಅಷ್ಟೇ ಸಲ ಬಾಗ್ತದ.

ಅಂಗಡಿಗಿ ಹೋದಾಗ "ಹೈ ಸ್ಪೀಡ್, ಭಾಳ ಗಾಳಿ" ಅಂತ ತೋರಸ್ತಾರ, ಅದು ನಮಗ ಬ್ಯಾಡ. ಸಸಿಗಿ ಬೇಕಾದ್ದು ಎಲಿ ತುಸು ನಡಗೋವಷ್ಟು ಗಾಳಿ. ಚಾಲೂ ಮಾಡಿಸಿ, ತಿರುಗೋ ಗುಂಡಿ ಒತ್ತಿಸಿ, ಹತ್ತು ನಿಮಿಷ ಅಲ್ಲೇ ಕುಂದರ್ರಿ. ಚಾ ಕೊಟ್ರ ಕುಡೀರಿ. ತಲಿ ಕೊನಿಗಿ ಹೋಗಿ ಹೊಳ್ಳೋ ಮುಂದ ಟಕ್ ಅಂತ ಸಪ್ಪಳ ಬಂದ್ರ, ಇಲ್ಲಾ ಅರ್ಧ ಚಣ ತಡದು ಜಿಗದ್ರ, ಬ್ಯಾಡ ಅನ್ರಿ. "ಗೇರ್ ಬ್ಯಾರೆ ಸಿಗ್ತದೇನು, ಕಂಡೆನ್ಸರ್ ಸಿಗ್ತದೇನು" ಅಂತ ಕೇಳ್ರಿ. ಸಿಗ್ತದ ಅಂದ್ರ ತೋರಸು ಅನ್ರಿ. ಡಬ್ಬಿ ಮ್ಯಾಲ ಕಾಪರ್ ವೈಂಡಿಂಗ್ ಅಂತ ಬರದಿರಬೇಕು, ಐಎಸ್‌ಐ ಗುರುತು ಇರಬೇಕು. ಚಿಮ್ಮಟದಂಗ ಪೈಪಿಗಿ ಕಚ್ಚೋ ಸಣ್ಣ ಫ್ಯಾನ್ ನೋಡ್ಲಾಕ ಚಂದ. ಆದ್ರ ತಲಿ ತಿರುಗಿದಂಗ ಹಿಡಿಕಿ ಸಡಲಾಗಿ ಒಂದಿನ ಟ್ರೇ ಮ್ಯಾಲ ಬೀಳ್ತದ. ಅಂಥದ್ದೇ ತಂದ್ರ ಒಂದು ದಾರಾ ಕಟ್ರಿ. ಖೋಲಿ ಇಡೀ ಸಸಿಗೇ ಬಿಟ್ಟಿದ್ರ ಗ್ವಾಡಿಗಿ ಹಾಕೋದೇ ಮೇಲು, ನೀರು ಸಿಡಿಯಂಗಿಲ್ಲ, ಕಾಲಿಗಿ ತೊಡರಂಗಿಲ್ಲ.

ಈಗ ಬಿಎಲ್‌ಡಿಸಿ ಅಂತ ಬಂದಾವ. ಕರೆಂಟ್ ಕಮ್ಮಿ ತಿಂತಾವ, ಖರೇ. ಸಾದಾ ಫ್ಯಾನ್ 50 ವ್ಯಾಟ್ ತಿಂದ್ರ ಅವು 30ರ ಆಸುಪಾಸು. ಆದ್ರ ರಿಮೋಟಿನ ಕೆಲವು ಫ್ಯಾನ್ ಕರೆಂಟ್ ಹೋಗಿ ಬಂದ ಮ್ಯಾಲ ತಾವಾಗೇ ಚಾಲೂ ಆಗಂಗಿಲ್ಲ. ರಾತ್ರಿ ಎರಡಕ್ಕ ಎದ್ದು ರಿಮೋಟ್ ಒತ್ತೋರು ಯಾರ್ರೀ? ಒಳಗಿನ ಬೋರ್ಡ್ ಹೋದ್ರ ಕಮಲಾಪುರದಂಥ ಕಡಿ ಹೊಸಾದು ಬರೋ ತನಕ ಸಸಿ ಕಾಯಂಗಿಲ್ಲ. ಅದಕ್ಕ ನನ್ನ ಮಾತು ಗುಂಡಿ ಒತ್ತೋ ಸಾದಾ ಫ್ಯಾನಿಗೇ. 50 ವ್ಯಾಟ್ ಫ್ಯಾನ್ 24 ತಾಸು ಓಡಿದ್ರ ದಿನಕ್ಕ 1.2 ಯುನಿಟ್, ತಿಂಗಳಿಗಿ 36. ಗೃಹಜ್ಯೋತಿ ಅದಲ್ಲ ಅಂತ ಸುಮ್ಮ ಕುಂದರಬ್ಯಾಡ್ರಿ, ಎಲ್ಲಾರಿಗೂ ಪೂರಾ 200 ಯುನಿಟ್ ಬರಂಗಿಲ್ಲ. ಮೊದಲು ಬಳಸಿದ ಸರಾಸರಿ ನೋಡಿ ಮಿತಿ ಹಾಕ್ಯಾರ. ಟೈಮರ್ ಹಚ್ಚಿ ಕಾಲು ತಾಸು ಚಾಲೂ, ಕಾಲು ತಾಸು ಬಂದ್ ಇಟ್ರ 18 ಯುನಿಟಿಗಿ ಬರ್ತದ, ಮೋಟರಿಗೂ ಕುತ್ತಿಗಿಗೂ ದಮ್ ತಗೊಳ್ಳಾಕ ಸಿಗ್ತದ.

ಇನ್ನ ಅಟ್ಟದ ಮ್ಯಾಲಿನ ಹಳೇ ಫ್ಯಾನ್. ಅದಕ್ಕ ನಾ ಖಡಕ್ ಆಗಿ ಬ್ಯಾಡ ಅಂತೀನಿ. ವೈರಿನ ಮ್ಯಾಲಿನ ರಬ್ಬರ್ ಬಿರದಿರ್ತದ. ಒಣ ಖೋಲಿಯಾಗ ಹೆಂಗೋ ನಡೀತದ. ಟೆಂಟಿನಾಗ ನೀರು, ಹಸಿ ಕೈ, ಕಬ್ಬಿಣ ಪೈಪು, ಮ್ಯಾಲ ಓಡಾಡೋ ಮೊಮ್ಮಕ್ಕಳು. ನೀರು ಹಾಕೋರು ನಾವೇ ಅಲ್ಲ, ಶಾಕ್ ಹೊಡದ್ರ ಮೊದಲು ನಮಗೇ. ಉಳಿಸಿದ ಸಾವಿರ ರೂಪಾಯಿಗಿ ಈ ಭಯ ಯಾಕ ಬೇಕು? ಮೂರು ಪಿನ್ನಿನ ಪ್ಲಗ್, ಅರ್ಥಿಂಗ್ ಇದ್ದ ಬೋರ್ಡ್, ನೀರು ಹಾಕೋ ಮೊದಲು ಸ್ವಿಚ್ ಬಂದ್. ಗಂಡಸರು ಏನರ ಅನ್ಲಿ, ಇದು ಮಾತ್ರ ಬಿಡಬ್ಯಾಡ್ರಿ.

ಜ್ವಾಪಾನ ಅಂದ್ರ ಭಾಳ ಏನಿಲ್ಲ. ಹದಿನೈದು ದಿನಕ್ಕೊಮ್ಮೆ ಜಾಳಗಿ ಬಿಚ್ಚಿ ಧೂಳು ಒರಸ್ರಿ. ತಲಿ ಕೈಲೆ ತಿರುವಬ್ಯಾಡ್ರಿ, ಹಲ್ಲು ಮುರೀತಾವ. ಕಿರ್ ಅಂತ ಸಪ್ಪಳ ಬಂದ್ರ ಹೊಲಿಗಿ ಮಷಿನ್ ಎಣ್ಣಿ ಎರಡು ಹನಿ. ಅಡಗಿ ಮನ್ಯಾಗಿನ ಕುಸುಬಿ ಎಣ್ಣಿ ಹಾಕಿದ್ರ ಅಂಟಾಗಿ ಪೂರಾ ಹಿಡದು ಬಿಡ್ತದ. ಫ್ಯಾನ್ ನಿಧಾನ ಆಗಿ, ಕಡ್ಡೀಲೆ ರೆಕ್ಕಿ ನೂಕಿದ್ರಷ್ಟೇ ಓಡ್ಲಕತ್ರ ಹೆದರಬ್ಯಾಡ್ರಿ. ಸಾಮಾನ್ಯವಾಗಿ ಅದು ಕಂಡೆನ್ಸರ್, ಸಣ್ಣ ಖರ್ಚಿನಾಗ ಮುಗೀತದ.