ಟುಪೊಲೆವ್ ರೆಕ್ಕೆ, ಅಲಗೇರಿಯ ನೆಲ

ಕಾರವಾರದ ಟಾಗೋರ್ ಕಡಲತೀರದಲ್ಲಿ, ಬಿಚ್ಚಿ ತಂದು ಜೋಡಿಸಿ ನಿಲ್ಲಿಸಿರುವ ಟುಪೊಲೆವ್-142 ವಿಮಾನದ ರೆಕ್ಕೆಯಡಿ ಹುಡುಗನೊಬ್ಬ ಕೇಳುತ್ತಿದ್ದ: "ಅಪ್ಪಾ, ಬ್ರೇಕ್ ಹಿಡ್ದು ನಾಕೂ ಇಂಜಿನ್ ಜೋರು ತಿರುಗ್ಸಿದ್ರೆ ಆ ಗಾಳಿಗೇ ಇದು ನಿಂತಲ್ಲೇ ಏಳೂದಿಲ್ವಾ?" ಅಪ್ಪ "ಏಳ್ತದೆ ಕಾಣ್ತದೆ" ಎಂದು ಮುಂದೆ ನಡೆದರು. ನಾನು ಅಲ್ಲೇ ನಿಂತೆ.

ಹುಡುಗನ ಊಹೆ ಪೂರ್ತಿ ಸುಳ್ಳಲ್ಲ. ಪ್ರೊಪೆಲರ್ ಹಿಂದಕ್ಕೆ ತಳ್ಳಿದ ಗಾಳಿ ರೆಕ್ಕೆಯ ಮೇಲೇ ಹಾಯುತ್ತದೆ. ಅಷ್ಟು ಭಾಗ ಹೆಚ್ಚು ಎತ್ತುತ್ತದೆ. ಆದರೆ ಅಳತೆ ನೋಡಿ. ಒಂದೊಂದು ಪ್ರೊಪೆಲರಿನ ವ್ಯಾಸ 5.6 ಮೀಟರ್, ನಾಲ್ಕು ಇಂಜಿನ್ನಿಗೆ 22.4. ರೆಕ್ಕೆಯ ಹರವು 50 ಮೀಟರ್. ಅರ್ಧಕ್ಕಿಂತ ಹೆಚ್ಚು ರೆಕ್ಕೆಗೆ ಆ ಗಾಳಿ ಸೋಕುವುದೇ ಇಲ್ಲ. ಹತ್ತಿರ ಹೋಗಿ ಅಲಗುಗಳನ್ನು ಎಣಿಸಿ: ಒಂದು ಇಂಜಿನ್ನಿಗೆ ಎಂಟು. ಮುಂದಿನ ನಾಲ್ಕು ಒಂದು ಕಡೆಗೆ, ಹಿಂದಿನ ನಾಲ್ಕು ಅದರ ವಿರುದ್ಧ. ಮುಂದಿನವು ಗಾಳಿಗೆ ಕೊಟ್ಟ ಸುರುಳಿಯನ್ನು ಹಿಂದಿನವು ಬಿಡಿಸಿ ನೂಕುಬಲವಾಗಿ ಮಾಡಿಕೊಳ್ಳುತ್ತವೆ. ಸುಮಾರು 15,000 ಅಶ್ವಶಕ್ತಿಯ ಇಂಜಿನ್ನಿಗೆ ಇಷ್ಟು ಚಂದದ ಉಪಾಯ ಬೇರೆ ಕಾಣೆ. ಅದರ ಉದ್ದೇಶ ಮಾತ್ರ ಮುಂದಕ್ಕೆ ಎಳೆಯುವುದು.

ಹಾಗಾದರೆ ಎತ್ತುವುದು ಯಾವುದು? ರೆಕ್ಕೆಯ ಮೇಲಿನ ಗಾಳಿ ದೂರ ಸುತ್ತಿ ಕೆಳಗಿನದರೊಡನೆ ಏಕಕಾಲಕ್ಕೆ ಸೇರಬೇಕು, ಅದಕ್ಕೇ ಓಡುತ್ತದೆ ಎಂದು ಇನ್ನೂ ಮಕ್ಕಳಿಗೆ ಕಲಿಸುತ್ತಾರಲ್ಲ, ಅದು ನನಗೆ ಸಹಿಸಲಾಗದ ಮಾತು. ಹಾಗೆ ಸೇರುವ ನಿಯಮವೇ ಇಲ್ಲ. ಮೇಲಿನದು ಮೊದಲೇ ದಾಟಿಹೋಗುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ಬಾಗಿಸುತ್ತದೆ, ಎದುರಿಗೆ ತಾನು ಏಳುತ್ತದೆ.

ಜೆಟ್ಟಿನಲ್ಲಂತೂ ಗಾಳಿ ಇಂಜಿನ್ನೊಳಗೆ ಹೊಕ್ಕು ಹಿಂದೆ ಹೋಗುತ್ತದೆ. ಆಂಟೊನೊವ್-72ರಂತೆ ರೆಕ್ಕೆಯ ಮೇಲೇ ಬೀಸುವಂತೆ ಕೂರಿಸಿದವು ಅಪರೂಪ. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ದಾರಿಯೇ ಬೇರೆ: ಹಡಗೇ ಗಾಳಿಗೆ ಮುಖಮಾಡಿ ಓಡುತ್ತದೆ. ಮಿಗ್-29ಕೆ ಯುದ್ಧವಿಮಾನ ಹೊರಡುವ ಮೊದಲೇ ಅದರ ರೆಕ್ಕೆಗೆ ಗಾಳಿ ಸಿಕ್ಕಿರುತ್ತದೆ. ಹಡಗಿನ ಮೂತಿಯ ಏರು ವಿಮಾನವನ್ನು ಮೇಲಕ್ಕೆ ಚಿಮ್ಮಿಸುತ್ತದೆ.

ಬರೆಯುತ್ತ ಬಂದಂತೆ ಪ್ರಶ್ನೆಯೇ ಬದಲಾಯಿತು. ರೆಕ್ಕೆಗೆ ಬೇಕಾದ ಗಾಳಿ ಎಲ್ಲಿಂದ? ಅಂಕೋಲೆಯ ಅಲಗೇರಿಯಲ್ಲಿ ಯೋಜಿಸಿದ ವಿಮಾನ ನಿಲ್ದಾಣದ ಕಾಂಕ್ರೀಟ್ ಓಡುದಾರಿ, ಹಡಗಿನಂತೆ ಗಾಳಿಗೆ ಮುಖ ತಿರುಗಿಸದು. ಅಲ್ಲಿ ಗಾಳಿಯನ್ನು ಓಟದಿಂದಲೇ ಗಳಿಸಬೇಕು, ಓಟಕ್ಕೆ ನೆಲ ಬೇಕು. 33 ಡಿಗ್ರಿ ಸೆಕೆಯಲ್ಲಿ ಗಾಳಿ, ಲೆಕ್ಕಕ್ಕೆ ಹಿಡಿಯುವ 15 ಡಿಗ್ರಿಗಿಂತ ಸುಮಾರು ಶೇ 6ರಷ್ಟು ತೆಳುವಾಗುತ್ತದೆ. ಓಟ ಇನ್ನೂ ಉದ್ದವಾಗುತ್ತದೆ. ಆ ಉದ್ದ ಯಾರದೋ ಗದ್ದೆ, ತೋಟ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರನ್ನು ಕಂಡ ಜಿಲ್ಲೆಯಿದು. ಎಷ್ಟು ಮೀಟರ್, ಯಾವ ವಿಮಾನಕ್ಕೆ, ಯಾವ ಸೆಕೆಗೆ ಎಂಬ ಲೆಕ್ಕವನ್ನು ನೆಲ ಕೊಡುವವರ ಮುಂದೆ ಕನ್ನಡದಲ್ಲಿ ಬಿಡಿಸಿಡಬೇಕು.