ಮೀಟರಿನಿಂದ ಈಚೆಗೆ

"ಅತ್ತಿ, ನಳಾ ಮುಟ್ಟಿದ್ರ ಕೈ ಜುಮ್ಮಂತೈತಿ ನೋಡ್ರಿ" ಎಂದು ಬಚ್ಚಲಿನಿಂದ ಹೊರಬಂದ ಸೊಸೆ ಹೇಳುವುದು, "ಮಳಿಗಾಲದಾಗ ಅದು ಹಂಗ ಬಿಡವಾ, ಚಪ್ಪಲಿ ಹಾಕ್ಕೊಂಡು ತಿರುವು" ಎಂದು ಅತ್ತೆ ಸಮಾಧಾನಪಡಿಸುವುದು, ಕೇಶ್ವಾಪುರದ ಹಳೆಯ ಮನೆಗಳಲ್ಲಿ ಅಪೂರ್ವವಾದ ಸಂಭಾಷಣೆಯೇನಲ್ಲ. ಜುಮ್ಮೆನ್ನುವುದು ಋತುಧರ್ಮವೆಂದು ಬಗೆದು ಸಂಸಾರ ಮುಂದೆ ಸಾಗುತ್ತದೆ. ಆದರೆ ಮಳೆಗಾಲಕ್ಕೂ ಈ ಜುಮ್ಮಿಗೂ ಇರುವ ಸಂಬಂಧ ಇಷ್ಟೇ: ಎಲ್ಲಿಯೋ ಒಂದು ತಂತಿಯ ಹೊದಿಕೆ ಬಿರಿದಿದೆ, ನೆನೆದ ಗೋಡೆ ವಿದ್ಯುತ್ತಿಗೆ ಹಾದಿ ಕೊಟ್ಟಿದೆ. ಬೇಸಗೆ ಬಂದು ಗೋಡೆ ಒಣಗಿದಾಗ ಜುಮ್ಮು ನಿಲ್ಲುತ್ತದೆ. ಬಿರುಕು ಮಾತ್ರ ಇದ್ದಲ್ಲಿಯೇ ಇರುತ್ತದೆ.

ಇಂಥ ಮನೆಗಳ ಗೋಡೆಗಳಲ್ಲಿ ಮೂರು ತಲೆಮಾರಿನ ತಂತಿಗಳು ಒಟ್ಟಿಗೆ ವಾಸಿಸುವುದುಂಟು. ಅಜ್ಜನ ಕಾಲದಲ್ಲಿ ಮರದ ಪಟ್ಟಿಯೊಳಗೆ ಹುದುಗಿಸಿದ, ರಬ್ಬರು ಮತ್ತು ಬಟ್ಟೆಯ ಹೊದಿಕೆಯ ತಂತಿ. ತಂದೆಯ ಕಾಲದಲ್ಲಿ ರೀಪಿನ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದದ್ದು. ಮಗ ಅಡಿಗೆಮನೆಯನ್ನು ಹೊಸದಾಗಿ ಕಟ್ಟಿಸಿದಾಗ ಪ್ಲಾಸ್ಟಿಕ್ ಕೊಳವೆಯಲ್ಲಿ ಸೇರಿಸಿದ್ದು. ಮೊದಲನೆಯದು ನಾಲ್ಕು ದೀಪ, ಒಂದು ಪಂಖ, ಒಂದು ರೇಡಿಯೋ ಇಷ್ಟನ್ನು ಹೊರಲೆಂದು ಹಾಕಿದ್ದು. ದಶಕಗಳು ಉರುಳಿದಂತೆ ಅದರ ರಬ್ಬರು ಒಣಗಿ, ಬೆರಳು ತಗುಲಿದರೆ ಹಪ್ಪಳದಂತೆ ಮುರಿಯುತ್ತದೆ. 2,000 ವ್ಯಾಟಿನ ಗೀಜರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 5 ಆಂಪಿಯರಿನ ಹಳೆಯ ಪ್ಲಗ್ಗಿಗೆ ಸಿಕ್ಕಿಸುವುದೆಂದರೆ ಎತ್ತಿನ ಹೊರೆಯನ್ನು ಕರುವಿನ ಮೇಲೆ ಹೇರಿದಂತೆ. ಫ್ಯೂಜು ಹಾರಿದಾಗಲೆಲ್ಲ ಇನ್ನಷ್ಟು ದಪ್ಪನೆಯ ತಂತಿ ಸುತ್ತುವ ಜಾಣರಿಗೂ ಓಣಿಯಲ್ಲಿ ಕೊರತೆಯಿಲ್ಲ. ಆಮೇಲೆ ಕಾಯುವುದು ಫ್ಯೂಜಲ್ಲ, ಗೋಡೆಯೊಳಗಿನ ತಂತಿ.

ಹುಬ್ಬಳ್ಳಿಗೆ ವಿದ್ಯುತ್ ವ್ಯಾಜ್ಯದ ಒಂದು ವಿಚಿತ್ರ ಕೀರ್ತಿ ಇದೆ. ಊರಿಗೆ ಬೆಳಕು ನೀಡುತ್ತಿದ್ದ ಹುಬ್ಬಳ್ಳಿ ಇಲೆಕ್ಟ್ರಿಸಿಟಿ ಕಂಪನಿಯ ಪರವಾನಗಿಯನ್ನು ಮುಂಬಯಿ ಪ್ರಾಂತದ ಸರಕಾರ ರದ್ದುಗೊಳಿಸಿದ್ದರಿಂದ ಹುಟ್ಟಿದ ಮೊಕದ್ದಮೆಯು ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನವರೆಗೆ ಏರಿ, 1949ರ ಕಾನೂನು ವರದಿಗಳಲ್ಲಿ ಸ್ಥಾನ ಪಡೆಯಿತು. ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಅದನ್ನು ಓದುತ್ತಾರೆ. ಅನಂತರ 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಬಂದಿತು. 2002ರಲ್ಲಿ ನವನಗರದಲ್ಲಿ ಕಚೇರಿಯುಳ್ಳ ಹೆಸ್ಕಾಂ ಬಂದಿತು. ಸರಬರಾಜು ಮಾಡುವವರನ್ನು ವಿಚಾರಿಸಿಕೊಳ್ಳಲು ಸರಕಾರವಿದೆ, ಆಯೋಗವಿದೆ, ನ್ಯಾಯಾಲಯವಿದೆ. ಆದರೆ ಅವರ ಹೊಣೆ ಮೀಟರಿನ ಬಳಿ ಮುಗಿಯುತ್ತದೆ. ಮೀಟರಿನಿಂದ ಈಚೆಗೆ ಇರುವ ತಂತಿ, ಗುಂಡಿ, ಪ್ಲಗ್ಗುಗಳೆಲ್ಲ ಮನೆಯೊಡೆಯನವು. ತಿಂಗಳು ತಿಂಗಳು ಬಂದು ಮೀಟರ್ ಓದುವಾತ ಅಂಕಿಯನ್ನು ಓದುತ್ತಾನೆಯೇ ಹೊರತು ಬಚ್ಚಲಿನ ಗೋಡೆಯನ್ನಲ್ಲ. ತಾನಾಗಿ ಕರೆದ ಹೊರತು ಈ ಗಡಿಯೊಳಗೆ ಪರೀಕ್ಷಕನು ಕಾಲಿಡುವುದಿಲ್ಲವೆಂಬುದನ್ನು ಎಷ್ಟೋ ವಿದ್ಯಾವಂತರೇ ಅರಿಯರು.

"ಫ್ಯೂಜು ಇದೆಯಲ್ಲ" ಎಂಬುದು ಅವರ ಧೈರ್ಯ. ಫ್ಯೂಜು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಅಮೇರಿಕೆಯ ಬರ್ಕ್ಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಎಂಬವರು, ವಿದ್ಯುತ್ತು ಹರಿಯುವ ತಂತಿಯನ್ನು ಹಿಡಿದ ಮನುಷ್ಯ ಎಷ್ಟರವರೆಗೆ ಸ್ವಪ್ರಯತ್ನದಿಂದ ಕೈ ಬಿಡಿಸಿಕೊಳ್ಳಬಲ್ಲನೆಂದು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿದರು. ಪುರುಷರಿಗೆ ಸರಾಸರಿ 16 ಮಿಲಿ ಆಂಪಿಯರ್, ಸ್ತ್ರೀಯರಿಗೆ 10.5. ಅದರಾಚೆ ಸ್ನಾಯುಗಳು ಬಿಗಿದುಕೊಂಡು ಹಿಡಿತ ಇನ್ನಷ್ಟು ಗಟ್ಟಿಯಾಗುತ್ತದೆ. ಒದ್ದೆ ಮೈಯ ಮೂಲಕ 200 ಮಿಲಿ ಆಂಪಿಯರ್ ಹರಿದೀತು. ಹೃದಯದ ಲಯ ಕೆಡಲು ಅದರ ಕಾಲುಭಾಗವೇ ಸಾಕು. 5 ಆಂಪಿಯರ್ ಎಂದರೆ 5,000 ಮಿಲಿ ಆಂಪಿಯರ್. ಮನುಷ್ಯ ಸತ್ತು ಬಿದ್ದರೂ ಆ ಫ್ಯೂಜಿಗೆ ಸುದ್ದಿಯೇ ಮುಟ್ಟುವುದಿಲ್ಲ. ಹೋಗುವ ಮತ್ತು ಮರಳುವ ವಿದ್ಯುತ್ತನ್ನು ತೂಗಿನೋಡಿ, ಕೆಲವೇ ಮಿಲಿ ಆಂಪಿಯರ್ ಅಡ್ಡಹಾದಿ ಹಿಡಿದೊಡನೆ ಕಡಿದುಹಾಕುವ ಉಪಕರಣವೊಂದನ್ನು ಡಾಲ್ಜಿಯಲ್ಲರು 1961ರಲ್ಲಿ ನಿರ್ಮಿಸಿದರು. ಅದೇ ಬಗೆಯದು ಇಲ್ಲಿಯ ಅಂಗಡಿಗಳಲ್ಲಿ ಆರ್‌ಸಿಸಿಬಿ ಎಂಬ ಹೆಸರಿನಿಂದ ದೊರೆಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದು ತಕ್ಕುದು.

ಪರೀಕ್ಷೆಯೆಂದರೆ ಗೋಡೆ ಒಡೆಯುವುದೆಂಬ ಭಯ ಅನೇಕರಿಗೆ. ಬಲ್ಲವನು ಬಂದರೆ ಮೊದಲ ದಿನ ಒಂದು ಮೊಳೆಯನ್ನೂ ಕೀಳುವುದಿಲ್ಲ. ಮೇನ್ ಸ್ವಿಚ್ಚನ್ನು ತೆರೆದು ನೋಡುತ್ತಾನೆ. ಹಳೆಯ ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ ತಂತಿಗೂ ಒಂದು ಫ್ಯೂಜು ಇರುತ್ತಿತ್ತು. ಅದೊಂದೇ ಸುಟ್ಟರೆ ದೀಪಗಳೆಲ್ಲ ಆರುತ್ತವೆ, ಕರೆಂಟು ಹೋಯಿತೆಂದು ಮನೆಯವರು ನಂಬುತ್ತಾರೆ, ತಂತಿ ಮಾತ್ರ ಜೀವಂತವಾಗಿಯೇ ಇರುತ್ತದೆ. ಗುಂಡಿಯು ಫೇಸ್ ತಂತಿಯಲ್ಲಿರದೆ ನ್ಯೂಟ್ರಲ್ಲಿನಲ್ಲಿದ್ದರೂ ಅದೇ ಮೋಸ: ಬಲ್ಬು ಆರಿದೆಯೆಂದು ಸ್ಟೂಲು ಏರಿದವನ ಬೆರಳಿಗೆ ಹೋಲ್ಡರಿನಲ್ಲಿ 230 ವೋಲ್ಟ್ ಕಾದಿರುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದರೂ ಕೆಲವು ಸಾಲುಗಳು ಆರುವುದಿಲ್ಲವೆಂಬುದನ್ನು ಅವನು ಮರೆಯುವಂತಿಲ್ಲ. ಅನಂತರ ಉಪಕರಣಗಳನ್ನೆಲ್ಲ ಕಳಚಿ, ಮೆಗ್ಗರ್ ಎಂಬ ಯಂತ್ರದಿಂದ ತಂತಿಗಳ ನಡುವೆ 500 ವೋಲ್ಟ್ ಹಾಯಿಸಿ ಹೊದಿಕೆಯ ಗಟ್ಟಿತನವನ್ನು ಅಳೆಯುತ್ತಾನೆ. ಮುಳ್ಳು ಒಂದು ಮೆಗೋಮಿಗಿಂತ ಕೆಳಗಿಳಿದರೆ, ಆ ಸಾಲಿನ ತಂತಿಯ ಆಯುಷ್ಯ ಮುಗಿಯುತ್ತ ಬಂದಿತೆಂದೇ ಲೆಕ್ಕ.

ಕೊನೆಗೆ ಭೂಸಂಪರ್ಕ. ಇಲ್ಲಿ ಹುಬ್ಬಳ್ಳಿಯ ಎರೆಮಣ್ಣು ತನ್ನ ಆಟ ಆಡುತ್ತದೆ. ಮಳೆಗಾಲದಲ್ಲಿ ಉಬ್ಬಿ ಒತ್ತಿಹಿಡಿಯುವ ಈ ಕರಿ ಭೂಮಿ ಬೇಸಗೆಯಲ್ಲಿ ಸೆಳೆದುಕೊಂಡು ಬಾಯಿಬಿಡುತ್ತದೆ; ಹೂಳಿದ ಕಬ್ಬಿಣದ ಕೊಳವೆಗೂ ಮಣ್ಣಿಗೂ ನಡುವೆ ಸಂದು ಬೀಳುತ್ತದೆ. ಇದ್ದಿಲು ಮತ್ತು ಉಪ್ಪು ತುಂಬಿ ಗುಂಡಿ ತೋಡಿಸಿದ ಹಿರಿಯರು ಅದಕ್ಕೆ ಬೇಸಗೆಯಲ್ಲಿ ನೀರು ಹೊಯ್ಯುತ್ತಿದ್ದುದು ಈ ಕಾರಣಕ್ಕೆ. ಆ ಗುಂಡಿಯ ಮೇಲೆ ಈಗ ಮಕ್ಕಳು ಕಾರು ನಿಲ್ಲಿಸಲು ಫರಸಿ ಹಾಸಿದ್ದಾರೆ. ಇನ್ನು ಕೆಲವು ಮನೆಗಳಲ್ಲಿ ಭೂಸಂಪರ್ಕದ ತಂತಿಯನ್ನು ನೀರಿನ ಕಬ್ಬಿಣದ ನಳಕ್ಕೆ ಸುತ್ತಿ ಕೈತೊಳೆದುಕೊಂಡದ್ದುಂಟು. ಕಬ್ಬಿಣ ಹೋಗಿ ಪ್ಲಾಸ್ಟಿಕ್ ಕೊಳವೆ ಬಂದ ದಿನವೇ ಆ ಸಂಪರ್ಕ ಕಡಿದುಹೋಯಿತು. ಗೀಜರಿನಿಂದ ಸೋರಿದ ವಿದ್ಯುತ್ತಿಗೆ ಭೂಮಿಗಿಳಿಯುವ ಹಾದಿ ಇಲ್ಲದೆ, ಅದು ನಳದ ತುದಿಯಲ್ಲಿ ಸೊಸೆಯ ಕೈಗಾಗಿ ಕಾಯುತ್ತಿದೆ.

ಕರೆಯಬೇಕಾದವರು, ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ವ್ಯವಸ್ಥೆಯಲ್ಲಿ ಪರವಾನಗಿ ಪಡೆದ ಗುತ್ತಿಗೆದಾರರು. ಪರವಾನಗಿ ತೋರಿಸೆಂದು ಕೇಳುವುದು ಅವಮರ್ಯಾದೆಯಲ್ಲ. ಬಾಡಿಗೆದಾರನ ಗುರುತು ಕೇಳಲು ಸಂಕೋಚಪಡದವರು ಇದಕ್ಕೇಕೆ ಸಂಕೋಚಪಡುವರೋ ತಿಳಿಯದು. ಹಳೆಯ ಮನೆಗೆ ಆರ್‌ಸಿಸಿಬಿ ಹಾಕಿದ ಮೊದಲ ವಾರ ಅದು ಪದೇ ಪದೇ ಬೀಳುವುದೂ ಉಂಟು. "ಡಬ್ಬಿ ಸರಿ ಇಲ್ಲ" ಎಂದು ಅದನ್ನು ಕಳಚಿ ನೇರ ತಂತಿ ಜೋಡಿಸಿಕೊಡುವ ಅಗ್ಗದ ಕೈಗಳಿವೆ. ಡಬ್ಬಿ ಸರಿಯಾಗಿಯೇ ಇದೆ. ಸೋರಿಕೆಯಿದೆಯೆಂದು ಅದು ನಿಜವನ್ನೇ ನುಡಿಯುತ್ತಿದೆ. ಅದರ ಬಾಯಿ ಮುಚ್ಚಿಸುವುದಕ್ಕಿಂತ ಸೋರುವ ಸಾಲನ್ನು ಹುಡುಕಿ ಬದಲಿಸುವುದಕ್ಕೆ ಹಣ ಹೆಚ್ಚು ತಗಲುತ್ತದೆ, ಎರಡು ದಿನದ ಧೂಳೂ ಆಗುತ್ತದೆ. ಒಮ್ಮೆಗೇ ಇಡೀ ಮನೆಯನ್ನು ಕೆದಕಲಾಗದವರು ಬಚ್ಚಲು, ಅಡಿಗೆಮನೆ, ನೀರಿನ ಪಂಪು ಇವುಗಳ ಸಾಲನ್ನಾದರೂ ಮೊದಲು ಮಾಡಿಸಬಹುದು. ಮಲಗುವ ಕೋಣೆಯ ಬಣ್ಣ ದೀಪಾವಳಿಗೆ ಕಾದೀತು.

ಹೊಸ ಡಬ್ಬಿಯ ಮೇಲೆ 'ಟಿ' ಎಂಬ ಅಕ್ಷರದ ಪುಟ್ಟ ಗುಂಡಿಯೊಂದಿರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿದಾಗ ಟಪ್ಪೆಂದು ಮನೆ ಕತ್ತಲಾಗಬೇಕು. ಆಗದಿದ್ದರೆ ಡಬ್ಬಿ ಕೆಟ್ಟಿದೆ. ಟೀವಿಯ ಮುಂದೆ ಧಾರಾವಾಹಿಯಲ್ಲಿ ಮುಳುಗಿದ್ದ ಅತ್ತೆ, "ಯಾಂವ ಅವಾ ಕರೆಂಟ್ ತಗದಾಂವ?" ಎಂದು ಕೂಗುತ್ತಾರೆ. "ನಾನ ಅವ್ವಾ, ಒಂದನೇ ತಾರೀಕು ಅಲ್ಲೇನ?" ಎಂದು ಮಗ ಬಾಗಿಲ ಬಳಿಯಿಂದ ಉತ್ತರಿಸಿ, ಗುಂಡಿಯನ್ನು ಮತ್ತೆ ಮೇಲೆತ್ತುತ್ತಾನೆ.