ದುರ್ಗದ ಗುಡ್ಡಕ್ಕೆ ಮನೆಮಂದಿಯೆಲ್ಲ ಹೊರಟೀರಾ? ಮೊದಲು ದಾರಿಯ ಲೆಕ್ಕ ಕೇಳಿ

ಕುಮಾರಪಟ್ಟಣ: ತುಂಗಭದ್ರೆ ದಾಟಿ ಹೆದ್ದಾರಿ ಹಿಡಿದರೆ ಚಿತ್ರದುರ್ಗ ಇಲ್ಲಿಂದ ಸುಮಾರು 75ರಿಂದ 80 ಕಿ.ಮೀ. ಬೆಳಗ್ಗೆ ಬುತ್ತಿ ಕಟ್ಕೊಂಡು ಹೊರಟರೆ ಕೋಟೆ ನೋಡ್ಕೊಂಡು ರಾತ್ರಿ ಊಟಕ್ಕೆ ಮನೆ ಸೇರಬಹುದು. ಕುಮಾರಪಟ್ಟಣ, ರಾಣೆಬೆನ್ನೂರು, ಬ್ಯಾಡಗಿ ಕಡೆಯವರಿಗೆ ಒಂದು ದಿನದಲ್ಲಿ ಹೋಗಿ ಬರುವಂಥ ದೊಡ್ಡ ಗುಡ್ಡದೂರು ಅಂದ್ರೆ ದುರ್ಗವೇ.

ಆದರೆ ಹತ್ತು ಜನ ಕ್ರೂಸರ್ ಮಾಡ್ಕೊಂಡು ಹೋದರೆ ಹತ್ತೂ ಜನ ಮೇಲೆ ಹತ್ತೋದು ಅಪರೂಪ. ಮೊಣಕಾಲು ನೋವಿನ ಅಜ್ಜಿ, ಬಿ.ಪಿ. ಇರೋ ಅಪ್ಪ, ಹಸುಗೂಸು ಎತ್ತಿಕೊಂಡ ತಾಯಿ, ಕಾಲಿಗೆ ಕ್ಯಾಲಿಪರ್ ಹಾಕ್ಕೊಂಡ ಹುಡುಗ, ಇವರೆಲ್ಲ ಬಾಗಿಲಲ್ಲೇ ಉಳೀತಾರೆ. "ನೀವು ಹೋಗಿ ಬರ್ರಿ, ನಾವು ಇಲ್ಲೇ ಕುಂತಿರ್ತೀವಿ" ಅನ್ನೋ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಮತ್ತೊಂದಿಷ್ಟು ಮಂದಿ ಹುಮ್ಮಸ್ಸಿಗೆ ಹತ್ತಿ, ಅರ್ಧ ದಾರೀಲಿ ಸುಸ್ತಾಗಿ, ಇಳಿಯೋಕೂ ಆಗದೆ ಕೂರ್ತಾರೆ.

ಇದಕ್ಕೆ ಗುಡ್ಡ ಕಾರಣವಲ್ಲ. ಯಾವ ದಾರಿ ಯಾರ ಕಾಲಿಗೆ ಆಗ್ತದೆ ಅನ್ನೋ ಮಾಹಿತಿ ಹೊರಡೋಕೆ ಮುಂಚೆ ಕೈಗೆ ಸಿಗದೇ ಇರೋದೇ ನಿಜವಾದ ತೊಂದರೆ.

ಈಗ ಯಾಕೆ ಈ ಮಾತು?

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ನುಗ್ಗಿದ ವಿಡಿಯೋ ರಾಜ್ಯದ ತುಂಬ ಓಡಾಡಿತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಕ್ಕೆ ಅರಣ್ಯ ಇಲಾಖೆ ತಡೆ ಹಾಕಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಅನ್ನೋ ವೆಬ್‌ಸೈಟ್ ಶುರುವಾಯ್ತು. ಒಂದು ಚಾರಣ ಪಥಕ್ಕೆ ದಿನಕ್ಕೆ 300 ಜನ ಅನ್ನೋ ಮಿತಿಯೂ ಬಂತು. ಜನಜಂಗುಳಿ ತಡೆಯೋಕೆ ಇದು ಬೇಕಾದ ಕ್ರಮವೇ.

ಆದರೆ ಈ ವ್ಯವಸ್ಥೆ ಎಣಿಸೋದು ಎಷ್ಟು ಜನ ಹೋಗ್ತಾರೆ ಅನ್ನೋದನ್ನ. ಯಾರು ಹೋಗಬಲ್ಲರು ಅನ್ನೋ ಪ್ರಶ್ನೆ ಹಾಗೇ ಉಳಿದಿದೆ. ಜೊತೆಗೆ ಮಲೆನಾಡಿನ ಗುಡ್ಡಕ್ಕೆ ಮೊದಲೇ ಟಿಕೆಟ್ ಮಾಡಿಸಬೇಕು ಅಂತಾದ ಮೇಲೆ, ಶನಿವಾರ ರಾತ್ರಿ ಯೋಚನೆ ಮಾಡಿ ಭಾನುವಾರ ಹೊರಡೋ ನಮ್ಮ ಕಡೆಯ ಮನೆಗಳಿಗೆ ಹತ್ತಿರದ ಬಯಲುಸೀಮೆ ಗುಡ್ಡಗಳೇ ಗತಿ. ಅಲ್ಲಿಯ ದಾರಿಗಳ ಬಗ್ಗೆ ತಿಳಿಯೋದು ಈಗ ಮುಖ್ಯವಾಗೋದು ಅದಕ್ಕೇ.

ದುರ್ಗ ಒಂದೇ, ದಾರಿ ನಾಲ್ಕು ಥರ

ಚಿತ್ರದುರ್ಗಕ್ಕೆ ಹೋದರೆ ಕೋಟೆ ಹತ್ತಲೇಬೇಕು ಅಂತೇನಿಲ್ಲ. ಊರ ಸುತ್ತ ನಾಲ್ಕು ಬೇರೆ ಬೇರೆ ಥರದ ಜಾಗಗಳಿವೆ. ಒಬ್ಬೊಬ್ಬರಿಗೆ ಒಂದೊಂದು ಆಗಿಬರ್ತದೆ.

ಮೊದಲನೆಯದು ಚಂದ್ರವಳ್ಳಿ. ಗುಡ್ಡದ ಬುಡದಲ್ಲಿ ಕೆರೆ, ಸುತ್ತ ಬಂಡೆ. ಕದಂಬರ ಮಯೂರಶರ್ಮನ ಶಾಸನ ಇರೋ ಜಾಗ ಇದು. 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಉತ್ಖನನ ಮಾಡಿಸಿದ್ದರು. ಕೆರೆ ಪಕ್ಕ ನಿಧಾನಕ್ಕೆ ಓಡಾಡೋಕೆ, ಕೂತು ಬುತ್ತಿ ಬಿಚ್ಚೋಕೆ ವಯಸ್ಸಾದವರಿಗೂ ತೊಂದರೆ ಇಲ್ಲ. ಆದರೆ ಅಲ್ಲೇ ಇರೋ ಅಂಕಲಿ ಮಠದ ಗುಹೆ ಬೇರೆ ಮಾತು. ಒಳಗೆ ಕತ್ತಲು, ಇಕ್ಕಟ್ಟು, ಬಗ್ಗಿ ನಡೆಯಬೇಕು. ಉಬ್ಬಸ ಇದ್ದವರು, ಸೊಂಟ ಹಿಡಿದವರು ಹೊರಗಿಂದಲೇ ನೋಡೋದು ಒಳ್ಳೇದು.

ಎರಡನೆಯದು ಆಡುಮಲ್ಲೇಶ್ವರದ ಕಿರು ಮೃಗಾಲಯ. ಜೋಗಿಮಟ್ಟಿ ದಾರೀಲೇ ಸಿಗ್ತದೆ. ಸಣ್ಣ ಮಕ್ಕಳಿಗೂ ಅವರನ್ನ ನೋಡ್ಕೊಳ್ಳೋ ಹಿರಿಯರಿಗೂ ಒಟ್ಟಿಗೆ ಆಗೋ ಜಾಗ.

ಮೂರನೆಯದು ಕೋಟೆ. ಇದನ್ನ ಒಂದೇ ದಾರಿ ಅಂದ್ಕೊಳ್ಳೋದೇ ತಪ್ಪು. ಮೊದಲ ಬಾಗಿಲುಗಳ ತನಕ ಅಗಲವಾದ ಕಲ್ಲುಹಾಸಿನ ದಾರಿ ಇದೆ. ಕೈಹಿಡಿದು ನಡೆಸೋರಿದ್ದರೆ ನಿಧಾನ ನಡಿಗೆಯವರೂ ಒಂದಷ್ಟು ದೂರ ಹೋಗಬಹುದು. ಆದರೆ ಆ ಕಲ್ಲು ಸಮತಟ್ಟಲ್ಲ, ನುಣುಪಾಗಿದೆ. ಗಾಲಿಕುರ್ಚಿ ಅಲ್ಲಿ ಸಲೀಸಾಗಿ ಉರುಳೋದಿಲ್ಲ. ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳ ಕಡೆ ಹೋಗ್ತಾ ಏರು ಹೆಚ್ಚು. ತುಪ್ಪದ ಕೊಳದ ಬತೇರಿಗೆ ಹೋಗಬೇಕಂದ್ರೆ ಬಂಡೆಯಲ್ಲಿ ಕೊರೆದ ಸಣ್ಣ ಮೆಟ್ಟಿಲುಗಳೇ ಆಧಾರ. ಅದು ಗಟ್ಟಿ ಕಾಲಿನವರಿಗೆ, ಎತ್ತರದ ಹೆದರಿಕೆ ಇಲ್ಲದವರಿಗೆ ಮಾತ್ರ. ಹೀಗೆ ಒಂದೇ ಟಿಕೆಟ್ಟಿನಲ್ಲಿ ಸುಲಭ, ಮಧ್ಯಮ, ಕಠಿಣ ಮೂರೂ ದಾರಿ ಇವೆ.

ನಾಲ್ಕನೆಯದು ಜೋಗಿಮಟ್ಟಿ. ಕಾಡಿನ ಗುಡ್ಡ. ಅರಣ್ಯ ಇಲಾಖೆ ಜಾಗ ಆದ್ದರಿಂದ ಪ್ರವೇಶ, ಹೊತ್ತು ಎಲ್ಲ ಅವರ ನಿಯಮದಂತೆ. ಇಲ್ಲಿ ಡಾಂಬರು ದಾರಿ ಇರೋದೇ ದೊಡ್ಡ ಅನುಕೂಲ. ಹುಡುಗರು ನಡೆದು ಹತ್ತಲಿ, ಹಿರಿಯರು ವಾಹನದಲ್ಲಿ ಬರಲಿ, ಮೇಲೆ ಎಲ್ಲರೂ ಸೇರಿ ಅದೇ ಗಾಳಿ ಕುಡೀಬಹುದು. ಗುಡ್ಡದ ತುದಿಯ ನೋಟ ಹತ್ತಿದವರಿಗಷ್ಟೇ ಸಲ್ಲಬೇಕು ಅನ್ನೋ ನಿಯಮ ಎಲ್ಲೂ ಇಲ್ಲ.

ಲೆಕ್ಕ ಗೊತ್ತಿದ್ದರೆ ನಿರ್ಧಾರ ಸುಲಭ

ಚಾಮುಂಡಿ ಬೆಟ್ಟಕ್ಕೆ ಹೋಗೋರಿಗೆ 1008 ಮೆಟ್ಟಿಲು ಅಂತ ಮೊದಲೇ ಗೊತ್ತು. ಅಂಜನಾದ್ರಿಗೆ 575, ಶ್ರವಣಬೆಳಗೊಳದ ವಿಂಧ್ಯಗಿರಿಗೆ ಸುಮಾರು 650. ಈ ಒಂದು ಅಂಕಿ ಎಷ್ಟು ಕೆಲಸ ಮಾಡ್ತದೆ ನೋಡಿ. ಮನೆಯಲ್ಲಿ ಕೂತೇ ಅಜ್ಜಿ ಹೇಳ್ತಾಳೆ: "ಐನೂರು ಆಗಂಗಿಲ್ಲಪ್ಪ, ನೂರಾದ್ರೆ ಹತ್ತತೀನಿ." ಚಾಮುಂಡಿ ಬೆಟ್ಟಕ್ಕಾದರೆ ರಸ್ತೆ ಇದೆ ಅಂತ ಗೊತ್ತು. ವಿಂಧ್ಯಗಿರಿಗಾದರೆ ಡೋಲಿ ಸಿಗ್ತದೆ ಅಂತ ಗೊತ್ತು. ಯಾರೂ ಯಾರನ್ನೂ ಬಿಟ್ಟು ಹೋಗಬೇಕಾಗಿಲ್ಲ, ಯಾರೂ ಒತ್ತಾಯಕ್ಕೆ ಹತ್ತಬೇಕಾಗಿಲ್ಲ.

ಆದರೆ ಬರೀ ಮೆಟ್ಟಿಲ ಎಣಿಕೆ ಸಾಲದು. 'ಎರಡು ಕಿ.ಮೀ. ಅಷ್ಟೇ' ಅಂತ ಹೇಳಿ ಕರೆದುಕೊಂಡು ಹೋಗೋರು ಏರು ಎಷ್ಟು ಅಂತ ಹೇಳೋದಿಲ್ಲ. ಬಯಲಲ್ಲಿ ಎರಡು ಕಿ.ಮೀ. ನಡೆಯೋ ಅಜ್ಜ ಏರಿನಲ್ಲಿ ಇನ್ನೂರು ಮೀಟರಿಗೇ ಏದುಸಿರು ಬಿಡ್ತಾನೆ. ಇನ್ನು ಮೊಣಕಾಲಿಗೆ ಹತ್ತೋದಕ್ಕಿಂತ ಇಳಿಯೋದೇ ಭಾರ. ಹೋಗೋ ದಾರಿ ಕೇಳಿದವರು ಬರೋ ದಾರಿ ಕೇಳೋದನ್ನ ಮರೀತಾರೆ.

ಅಮೆರಿಕದಲ್ಲಿ 2013ರಲ್ಲಿ ಜಾರಿಗೆ ಬಂದ ನಿಯಮ ಇಲ್ಲಿ ಕೆಲಸಕ್ಕೆ ಬರ್ತದೆ. ಅಲ್ಲಿ ಕೇಂದ್ರ ಸರ್ಕಾರದ ಜಾಗಗಳಲ್ಲಿ ಎಲ್ಲರಿಗೂ ಆಗುವಂತೆ ಮಾಡೋ ಹೊಸ ನಡಿಗೆ ಹಾದಿಗಳ ಶುರುವಿನಲ್ಲೇ ಬೋರ್ಡ್ ಇರಬೇಕು. ಅದರಲ್ಲಿ ಐದು ಸಂಗತಿ: ಹಾದಿಯ ಉದ್ದ, ನೆಲ ಎಂಥದ್ದು, ಅಗಲ ಎಷ್ಟು, ಏರು ಎಷ್ಟು, ಪಕ್ಕಕ್ಕೆ ಎಷ್ಟು ಓರೆ ಇದೆ. 'ನಿಮಗೆ ಆಗ್ತದೆ', 'ನಿಮಗೆ ಆಗಲ್ಲ' ಅಂತ ಬೋರ್ಡ್ ತೀರ್ಪು ಕೊಡೋದಿಲ್ಲ. ಲೆಕ್ಕ ಹೇಳ್ತದೆ, ನಿರ್ಧಾರ ಬಂದವರದ್ದು. ಇದಕ್ಕೆ ಕೋಟಿಗಟ್ಟಲೆ ಬೇಡ. ಒಬ್ಬರು ಟೇಪು ಹಿಡಿದು ಅಳೀಬೇಕು, ಒಬ್ಬರು ಬರೀಬೇಕು.

ಕಾನೂನು ಏನು ಹೇಳ್ತದೆ?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ಕಲಂ ಸಂಸ್ಕೃತಿ ಮತ್ತು ಮನರಂಜನೆಯಲ್ಲಿ ಎಲ್ಲರಿಗೂ ಸಮಪಾಲು ಇರಬೇಕು ಅಂತ ಹೇಳ್ತದೆ. ಈಗಾಗಲೇ ಇರೋ ಸಾರ್ವಜನಿಕ ಕಟ್ಟಡಗಳನ್ನ, ನಿಯಮ ಬಂದ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕು ಅಂತ 45ನೇ ಕಲಂ ಹೇಳ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಲೆಕ್ಕ ಹಾಕಿದರೆ ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು. ಈ ಮಾನದಂಡಗಳು ಬರೀ ಸಲಹೆ ಆಗಿರಬಾರದು, ಕಡ್ಡಾಯ ಆಗಬೇಕು, ಮೂರು ತಿಂಗಳಲ್ಲಿ ಅಂಥ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು.

2011ರ ಜನಗಣತಿ ಪ್ರಕಾರ ರಾಜ್ಯದಲ್ಲಿ ವಿಕಲಚೇತನರ ಸಂಖ್ಯೆ 13.24 ಲಕ್ಷ. ಮೊಣಕಾಲು ನೋವಿನವರು, ಬಸುರಿಯರು, ಆಪರೇಷನ್ ಆಗಿ ಸುಧಾರಿಸ್ಕೊಳ್ಳುತ್ತಿರೋರು ಎಲ್ಲರೂ ಈ ಲೆಕ್ಕದಲ್ಲಿ ಬರೋದಿಲ್ಲ. ಅಂದರೆ ಬಾಗಿಲಲ್ಲಿ ಕೂರೋರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು.

ಹಾಗಂತ ಕೋಟೆ ಕಲ್ಲಿನ ಮೇಲೆ ಸಿಮೆಂಟ್ ಹಾಕಿ ಅಂತ ಯಾರೂ ಕೇಳಬೇಕಾಗಿಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಅದು ಆಗೋದೂ ಇಲ್ಲ, ಆಗಬಾರದು ಕೂಡ. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಅಂದಾಗ ಮೈಸೂರಿನಲ್ಲೇ ವಿರೋಧ ಎದ್ದಿತ್ತು. ಗುಡ್ಡ ಕಡಿಯದೆ ಮಾಡಬಹುದಾದ ಕೆಲಸ ಬೇಕಾದಷ್ಟಿವೆ. ಬಾಗಿಲ ಹತ್ತಿರ ಮಟ್ಟಸವಾದ ಪಾರ್ಕಿಂಗ್, ಅಲ್ಲಲ್ಲಿ ನೆರಳು ಮತ್ತು ಕೂರೋಕೆ ಕಟ್ಟೆ, ಕುಡಿಯೋ ನೀರು, ಗಾಲಿಕುರ್ಚಿ ಒಳಗೆ ಹೋಗುವಷ್ಟು ಬಾಗಿಲಿರೋ ಶೌಚಾಲಯ, ಮತ್ತೆ ಆ ಲೆಕ್ಕದ ಬೋರ್ಡ್.

ನಮ್ಮ ಜಿಲ್ಲೆಯಲ್ಲೇ ಇರೋ ದಾರಿಗಳು

ದುರ್ಗದ ತನಕ ಹೋಗಲಾಗದವರಿಗೆ ಇಲ್ಲೂ ಆಯ್ಕೆ ಇವೆ. ಬಂಕಾಪುರದ ಹಳೇ ಕೋಟೆಯೊಳಗಿನ ನವಿಲುಧಾಮ 139 ಎಕರೆ ಬಯಲು, ಪಕ್ಕದಲ್ಲೇ ಅರವತ್ತು ಕಂಬದ ನಗರೇಶ್ವರ ಗುಡಿ. ಏರು ಆಗದವರಿಗೆ ಹೇಳಿ ಮಾಡಿಸಿದ ಜಾಗ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿ.ಮೀ., 1974ರಲ್ಲಿ ಘೋಷಣೆಯಾದದ್ದು. ನೆಲ ಹೆಚ್ಚಾಗಿ ಬಯಲೇ, ಆದರೆ ಅಭಯಾರಣ್ಯ ಅಂದ ಮೇಲೆ ಮನಸ್ಸಿಗೆ ಬಂದಂಗೆ ಒಳಗೆ ಓಡಾಡೋ ಹಾಗಿಲ್ಲ. ಮೊದಲು ಅರಣ್ಯ ಇಲಾಖೆ ಅನುಮತಿ ಬೇಕು. ದೇವರಗುಡ್ಡದ ಮಾಲತೇಶನ ಗುಡಿಗೆ ಅದೇ ಹೆಸರಿನ ರೈಲು ನಿಲ್ದಾಣವೂ ಇದೆ. ದಸರೆಯ ಕಾರ್ಣಿಕದ ಜನಜಾತ್ರೆಯಲ್ಲಿ ಹಿರಿಯರಿಗೆ ಕಷ್ಟ, ಬೇರೆ ದಿನ ಬೆಳಗಿನ ಹೊತ್ತು ಆರಾಮ.

ಅಂಗಡಿಯವರಿಗೆ ಇದರಲ್ಲಿ ಏನಿದೆ?

ಬಹಳ ಇದೆ. ನಾಲ್ಕು ಹುಡುಗರು ಬೈಕಿನಲ್ಲಿ ಬಂದರೆ ನೀರಿನ ಬಾಟಲಿ ಕೊಂಡು ಹೋಗ್ತಾರೆ. ಮನೆಮಂದಿಯೆಲ್ಲ ಬಂದರೆ ಚಹಾ, ಗಿರ್ಮಿಟ್ಟು, ಮಿರ್ಚಿ, ಮಕ್ಕಳಿಗೆ ಆಟದ ಸಾಮಾನು, ಗುಡಿಗೆ ಹಣ್ಣುಕಾಯಿ, ಎಲ್ಲದಕ್ಕೂ ವ್ಯಾಪಾರ. ಹಿರಿಯರು ಬರೋಕೆ ಹಿಂಜರಿದರೆ ಆ ಮನೆಯ ಗಾಡಿಯೇ ಹೊರಡೋದಿಲ್ಲ.

ಅಂಗಡಿ ಮುಂದಿನ ಮೆಟ್ಟಿಲಿಗೂ ಒಂದು ಲೆಕ್ಕ ಇದೆ. ರ‍್ಯಾಂಪಿನ ಮಾನದಂಡ 1:12, ಅಂದ್ರೆ ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು. ಎರಡು ಅಡಿ ಉದ್ದದ ಹಲಗೆ ಇಟ್ಟು ರ‍್ಯಾಂಪ್ ಅಂದರೆ ಅದು ಗಾಲಿಕುರ್ಚಿ ಉರುಳಿಸೋ ಜಾರುಬಂಡೆ ಅಷ್ಟೇ. ಜಾಗ ಇಲ್ಲದವರು ಹೊರಗೆ ಎರಡು ಗಟ್ಟಿ ಕುರ್ಚಿ ಇಟ್ಟು, ಕೂತಲ್ಲೇ ಸಾಮಾನು ಕೊಟ್ಟರೂ ಆಯ್ತು.

ಹೊರಡೋ ಮುಂಚೆ

ಬೋರ್ಡ್ ಬರೋ ತನಕ ಕಾಯಬೇಕಾಗಿಲ್ಲ. ಹೋಗಿ ಬಂದವರನ್ನ ಐದು ಮಾತು ಕೇಳಿ: ಗಾಡಿ ಎಲ್ಲಿವರೆಗೆ ಹೋಗ್ತದೆ? ಅಲ್ಲಿಂದ ಎಷ್ಟು ಮೆಟ್ಟಿಲು, ಹಿಡಿಯೋಕೆ ಕಂಬಿ ಇದೆಯಾ? ನೆರಳು, ನೀರು, ಶೌಚಾಲಯ ಎಲ್ಲಿವೆ? ಅರ್ಧಕ್ಕೇ ವಾಪಸ್ ಬರೋಕೆ ಆಗ್ತದಾ? ಇಳಿಯೋ ದಾರಿ ಜಾರ್ತದಾ? ಬೇಸಿಗೆಯಲ್ಲಿ ದುರ್ಗದ ಬಂಡೆ ಮಧ್ಯಾಹ್ನ ಕಾದ ಹಂಚು. ಮಳೆಗಾಲದಲ್ಲಿ ಅದೇ ಬಂಡೆ ಪಾಚಿ ಹಿಡಿದು ಜಾರ್ತದೆ, ಜೊತೆಗೆ ಗಾಳಿಯ ಹೊಡೆತ ಬೇರೆ. ಬೆಳಗ್ಗೆ ಬೇಗ ಶುರು ಮಾಡಿ, ಬಿಸಿಲೇರೋ ಮುಂಚೆ ಇಳಿಯೋದೇ ಸರಿ.

ಮತ್ತೆ ದಾರಿ ಆರಿಸೋವಾಗ ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರೋ, ಅವರ ಕಾಲನ್ನ ಅಳತೆಗೋಲು ಮಾಡ್ಕೊಳ್ಳಿ. ಅವರಿಗೆ ಆಗೋ ದಾರಿ ಎಲ್ಲರಿಗೂ ಆಗ್ತದೆ. ಗಟ್ಟಿ ಕಾಲಿನವರು ಬೇಕಾದರೆ ಮುಂದೆ ಬತೇರಿ ತನಕ ಹೋಗಿ ಬರಲಿ. ಬೋರ್ಡ್ ಬರೆಸೋ ಕೆಲಸ ಮಾತ್ರ ಕೋಟೆ ನೋಡ್ಕೊಳ್ಳೋ ಪುರಾತತ್ವ ಇಲಾಖೆ, ಕಾಡು ನೋಡ್ಕೊಳ್ಳೋ ಅರಣ್ಯ ಇಲಾಖೆ, ಗುಡಿ ಸಮಿತಿ ಮತ್ತು ಗ್ರಾಮ ಪಂಚಾಯಿತಿಗಳದ್ದು. ಗಡುವು ಮುಗಿದು ವರ್ಷಗಳಾದವು. ಮುಂದಿನ ಗ್ರಾಮಸಭೆಯಲ್ಲಿ ಕೇಳೋಕೆ ಇದು ತಕ್ಕ ಪ್ರಶ್ನೆ.